ಹೊಗೆ ಹಿಡಿಸಿದ ಪೆಟ್ಟಿಗೆ

"ಇದನ್ನ ಮಾಡಿದವನು ಸತ್ತು ಮೂವತ್ತು ವರ್ಷ ಆಯ್ತು ಸಾರ್. ಮೈಸೂರಿನವನು. ಅಂಥ ಕೈ ಇನ್ನು ಹುಟ್ಟೋದಿಲ್ಲ," ಎಂದು ತಿರುನಾರಾಯಣ ರೇಡಿಯೋ ಪೆಟ್ಟಿಗೆಯ ಮೇಲೆ ಬಟ್ಟೆಯಾಡಿಸುತ್ತ ಹೇಳುತ್ತಿದ್ದಾಗ, ಅದನ್ನು ಮಾಡಿದ ಲಿಂಗಯ್ಯ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಅವನ ಹೆಗಲ ಮೇಲಿನ ಗೋಣಿಚೀಲದಲ್ಲಿ ಅಂಥದೇ ಇನ್ನೊಂದು ಪೆಟ್ಟಿಗೆಯಿತ್ತು. ಮೂಲೆ ತಾಗೀತೆಂದು ಚಿಕ್ಕರಸಿನಕೆರೆಯಿಂದ ಮದ್ದೂರಿನವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ.

ಹೊಲದ ಆದಾಯ ಸಾಲದೆ ಸಣ್ಣ ವಯಸ್ಸಿನಲ್ಲೇ ಮರಗೆಲಸ ಕಲಿತವನು ಲಿಂಗಯ್ಯ. ಒಂದೂವರೆ ವರ್ಷದ ಹಿಂದೆ, ಎಪ್ಪತ್ಮೂರರ ಬೇಸಿಗೆಯಲ್ಲಿ, ತಿರುನಾರಾಯಣ ಅವನನ್ನು ಕರೆಸಿಕೊಂಡು ಹಳೆಯ ಬಂಗಲೆಗಳಲ್ಲಿರುತ್ತಿದ್ದ ದೊಡ್ಡ ರೇಡಿಯೋ ಒಂದನ್ನು ತೋರಿಸಿ, ಇಂಥ ಪೆಟ್ಟಿಗೆ ಮಾಡಿಕೊಡು ಎಂದಿದ್ದ. ಒಳಗೆ ಕೂರಿಸುವುದು ಮಾತ್ರ ಹೊಸ ಟ್ರಾನ್ಸಿಸ್ಟರ್. ತಿರುಗಿಸಿದ ತಕ್ಷಣ ಹಾಡುತ್ತದೆ, ಕರೆಂಟು ಹೋದರೂ ಸೆಲ್ಲಿನ ಮೇಲೆ ನಡೆಯುತ್ತದೆ. ವಡೆ ಕಾಫಿಗೆಂದು ಕಾರು ನಿಲ್ಲಿಸುವ ಬೆಂಗಳೂರಿನವರಿಗೆ ಅದು ಹಿಡಿಸಿತು. ಆಮೇಲೆ ತಿರುನಾರಾಯಣ, "ಇನ್ನೂ ಸ್ವಲ್ಪ ಹಳೇದಾಗಿ ಕಾಣ್ಲಿ ಲಿಂಗಯ್ಯ, ಜನಕ್ಕೆ ಅದೇ ಇಷ್ಟ," ಎಂದ. ಲಿಂಗಯ್ಯ ಹಾಗೇ ಮಾಡಿದ. ತಾನು ಸತ್ತು ಮೂವತ್ತು ವರ್ಷವಾದದ್ದು ಮಾತ್ರ ಅವನಿಗೆ ಇವತ್ತೇ ಗೊತ್ತಾದದ್ದು.

ಕೊಳ್ಳಲು ಬಂದಿದ್ದವರು ಪಾರ್ಥಸಾರಥಿ. ಮಂಡ್ಯದಲ್ಲಿ ತೆರೆಯಲಿದ್ದ ಮರಗೆಲಸದ ಶಾಲೆಗೆ ಮುಖ್ಯಸ್ಥರಾಗಿ ಬಂದವರು. ಎರಡು ತಿಂಗಳ ಹಿಂದೆ ಒಂದು ಪೆಟ್ಟಿಗೆ ಒಯ್ದಿದ್ದರು. ಈಗ ಭಾವಮೈದನಿಗೆ ಇನ್ನೊಂದು ಬೇಕಿತ್ತು. ಅವರು ಕನ್ನಡಕ ಹಣೆಗೇರಿಸಿ, ಪೆಟ್ಟಿಗೆಯ ಮೂಲೆಯಲ್ಲಿ ಬೆರಳಿಟ್ಟರು.

"ಒಂದು ಮೊಳೆ ಇಲ್ಲ ನೋಡಿ. ನಮ್ಮ ಶಾಲೆಗೆ ಕಲಿಸೋರು ಬೇಕು ಅಂತ ಇಡೀ ಜಿಲ್ಲೆ ಸುತ್ತಿದೆ. ಓದು ಬೇಡ, ಸರ್ಟಿಫಿಕೇಟು ಬೇಡ, ಕೈಲಿ ಕೆಲಸ ಇದ್ರೆ ಸಾಕು ಅಂತ ಮೇಲಿನವರನ್ನ ಒಪ್ಪಿಸಿದ್ದೀನಿ. ಕಾಯಂ ಕೆಲಸ. ಆದ್ರೆ ಇಂಥ ಕೈ ಎಲ್ಲಿ ಹುಡುಕಲಿ?"

ಲಿಂಗಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದ.

"ಸ್ವಾಮಿ, ಅದ ಮಾಡಿದ್ದು ನಾನೇಯ. ನಾನಿನ್ನೂ ಸತ್ತಿಲ್ಲ."

ತಿರುನಾರಾಯಣ ನಕ್ಕ. "ನಮ್ಮ ಬಡಗಿ ಸಾರ್. ಚೂರುಪಾರು ರಿಪೇರಿ ಮಾಡ್ತಾನೆ. ಲಿಂಗಯ್ಯ, ಆಮೇಲೆ ಬಾ."

ಲಿಂಗಯ್ಯ ಹೋಗಲಿಲ್ಲ. ಗೋಣಿಚೀಲ ಬಿಚ್ಚಿ ತನ್ನ ಪೆಟ್ಟಿಗೆಯನ್ನು ಮೇಜಿನ ಮೇಲಿನದರ ಪಕ್ಕದಲ್ಲಿಟ್ಟ. ಎರಡರ ಮುಂಭಾಗದಲ್ಲೂ ಅದೇ ಬಳ್ಳಿ, ಅದೇ ತಾವರೆ.

"ಈ ಎಡಗಡೆ ಎಸಳು ನೋಡಿ ಸ್ವಾಮಿ, ಒಸಿ ಸೊಟ್ಟಗದೆ. ನನ್ನ ಎಡಗೈ ಎಬ್ಬೆಟ್ಟು ಉಳಿಗೆ ಸಿಕ್ಕಿ ಮಡಚಾಕಾಗಾಕಿಲ್ಲ. ಎಲ್ಲಾದ್ರಲ್ಲೂ ಇಂಗೇ ಬತ್ತದೆ." ಹೆಬ್ಬೆರಳನ್ನು ಅವರ ಮುಂದೆ ಹಿಡಿದ.

ಪಾರ್ಥಸಾರಥಿ ಎರಡು ಎಸಳುಗಳನ್ನೂ ನೋಡಿದರು, ಹೆಬ್ಬೆರಳನ್ನೂ ನೋಡಿದರು.

"ಹಾಗಾದ್ರೆ ಈ ಬಣ್ಣ?" ಎಂದು ಮೆಲ್ಲಗೆ ಕೇಳಿದರು. "ಇದು ಹೇಗೆ ಬಂತು?"

ಪರೀಕ್ಷೆ ಶುರುವಾಯಿತೆಂದುಕೊಂಡ ಲಿಂಗಯ್ಯ. ಬೆನ್ನು ನೆಟ್ಟಗೆ ಮಾಡಿ ನಿಂತ. ಜೀವನದಲ್ಲಿ ಯಾರೂ ಅವನ ಕೆಲಸದ ಬಗ್ಗೆ ಇಷ್ಟು ಗಮನವಿಟ್ಟು ಕೇಳಿರಲಿಲ್ಲ.

"ಮೊದ್ಲು ಗಟ್ಟಿ ಟೀ ಡಿಕಾಕ್ಸನ್ನು ಬಳೀತೀನಿ ಸ್ವಾಮಿ. ಒಣಗಿದ ಮ್ಯಾಲೆ ಒಲೆ ಮ್ಯಾಲ್ಕಟ್ಟಿ ಇಪ್ಪತ್ತು ದಿನ ಒಗೆ ಇಡಿಸ್ತೀನಿ. ನಮ್ಮನೆಯವ್ಳು ರೇವಮ್ಮ ದಿನಾ ತಿರುಗಿಸಾಕ್ತಾಳೆ, ಇಲ್ದಿದ್ರೆ ಒಂದೇ ಕಡೆ ಕಪ್ಪಾಯ್ತದೆ. ಆಮೇಕೆ ಅಂಚಿಗೆ ಸಣ್ಣ ಮರಳು ಆಕಿ ಉಜ್ಜಬೇಕು. ಎಲ್ಲಾ ಕಡೆ ಅಲ್ಲ, ಕೈ ಆಡೋ ಕಡೆ ಮಾತ್ರ. ಮ್ಯಾಲೆ ಈ ಲೋಟದ ಗುರುತು ಅದೆಯಲ್ಲ, ಅದು ಬಿಸಿ ಲೋಟ ಇಟ್ಟು ಮಾಡಿದ್ದು. ನಲವತ್ತು ವರ್ಸ ಯಾರೋ ಕಾಪಿ ಕುಡಿದವ್ರೆ ಅನ್ನಂಗೆ ಕಾಣ್ತದೆ."

ಹೇಳುತ್ತ ಹೇಳುತ್ತ ಅವನ ದನಿ ಏರಿತ್ತು. ಪಾರ್ಥಸಾರಥಿ ಕನ್ನಡಕವನ್ನು ಕಣ್ಣಿಗಿಳಿಸಿ ತಿರುನಾರಾಯಣನ ಕಡೆ ತಿರುಗಿದರು.

ತಿರುನಾರಾಯಣ ತಡಮಾಡಲಿಲ್ಲ. "ಅಯ್ಯೋ ರಾಮ! ಹಳೇ ಮನೆಗಳಿಂದ ತಂದದ್ದು ಅಂತ ಹೇಳಿ ನನಗೂ ಟೋಪಿ ಹಾಕಿದ್ದಾನಲ್ಲ ಸಾರ್! ನಂಬಿ ಕೆಟ್ಟೆ."

"ಏನ್ ಸ್ವಾಮಿ ಇಂಗಂತೀರಿ? ನೀವೇ ಅಲ್ವಾ..." ಎನ್ನುತ್ತ ಲಿಂಗಯ್ಯ ಅತ್ತ ತಿರುಗಿದ. ಪಾರ್ಥಸಾರಥಿ ಅವನನ್ನೇ ನೋಡುತ್ತಿದ್ದರು. ಕೋಪದ ನೋಟವಲ್ಲ; ಕೋಪವಾಗಿದ್ದರೆ ತಡೆದುಕೊಳ್ಳಬಹುದಿತ್ತು.

"ಕೈ ದೊಡ್ಡದಪ್ಪ ನಿಂದು," ಎಂದರು. "ಆದ್ರೆ ಮಕ್ಕಳಿಗೆ ನಿನ್ನಿಂದ ಏನು ಕಲಿಸಲಿ? ಲೋಟದ ಗುರುತು ಮಾಡೋದನ್ನೇ?"

"ಅದು ಇವರು ಮಾಡು ಅಂದ್ರು, ಮಾಡ್ದೆ. ಕೂಡಿಸೋದು, ಕೆತ್ತೋದು ಎಲ್ಲಾ ನಂದೇ ಸ್ವಾಮಿ. ಒಸಿ ಯೋಚ್ನೆ ಮಾಡಿ."

ಅವರು ಯೋಚನೆ ಮಾಡಲಿಲ್ಲ. ಮನೆಯಲ್ಲಿರುವ ಪೆಟ್ಟಿಗೆಯನ್ನು ವಾಪಸು ಕಳಿಸುವುದಾಗಿ ಅಂಗಡಿಯವನಿಗೆ ಹೇಳಿ ಕಾರು ಹತ್ತಿದರು. ಕಾರು ಮಂಡ್ಯದ ಕಡೆ ತಿರುಗುವವರೆಗೂ ಬಾಗಿಲಲ್ಲಿ ನಿಂತಿದ್ದ ತಿರುನಾರಾಯಣ, ಲಿಂಗಯ್ಯನ ಪೆಟ್ಟಿಗೆಯನ್ನು ಮೆಟ್ಟಿಲಿಗೆ ತಂದಿಟ್ಟ.

"ನನ್ನ ಅಂಗಡಿ ಮಾನ ಕಳೆದೆಯಲ್ಲೋ. ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿನಗೆ?"

ಮನೆಯಲ್ಲಿ ರೇವಮ್ಮ ಸೊಪ್ಪು ಬಿಡಿಸುತ್ತಿದ್ದಳು. ಎಲ್ಲವನ್ನೂ ಕೇಳಿದ ಮೇಲೂ ಅವಳ ಕೈ ನಿಲ್ಲಲಿಲ್ಲ.

"ಒಗೆ ಇಡಿಸೋದ ಯಾಕೆ ಏಳಕ್ಕೋದೆ?"

"ಕೇಳುದ್ರು ಕಣಮ್ಮಿ. ಕೆಲ್ಸ ಕೊಡಕೇ ಕೇಳ್ತಾವ್ರೆ ಅನ್ಕಂಡೆ."

"ನನ್ನೆಸರೂ ಏಳ್ದ್ಯಾ?"

ಲಿಂಗಯ್ಯ ಪೆಟ್ಟಿಗೆಯನ್ನು ಮೂಲೆಗೆ ಸರಿಸಿದ. ರೇವಮ್ಮ ಸೊಪ್ಪಿನ ದಂಟುಗಳನ್ನು ಬಾಚಿಕೊಂಡು ದನಕ್ಕೆ ಹಾಕಲು ಎದ್ದು ಹೋದಳು.

ಒಂದೂವರೆ ತಿಂಗಳು ಅವನು ಮದ್ದೂರಿನ ಕಡೆ ತಲೆ ಹಾಕಲಿಲ್ಲ. ಊರಿನವರು ನೊಗ, ಕುಂಟೆ, ಕಿತ್ತುಹೋದ ಬಾಗಿಲು ತಂದರು. ಹೂವು ಕೆತ್ತಿಸುವವರು ಯಾರೂ ಬರಲಿಲ್ಲ. ಮಂಡ್ಯದ ಶಾಲೆಗೆ ಮೈಸೂರಿನಿಂದ ಯಾರೋ ಕಲಿಸಲು ಬಂದರಂತೆ ಎಂದು ಬಸ್ಸಿನ ಕಂಡಕ್ಟರು ಹೇಳಿದ. ಆ ವಾರವೇ ತಿರುನಾರಾಯಣ ಹೇಳಿಕಳಿಸಿದ: ಆದದ್ದು ಆಯಿತು, ಇನ್ನು ಮುಂದೆ ಪೆಟ್ಟಿಗೆಗಳು ಮಳವಳ್ಳಿಯ ಕಡೆಯ ಹಳೇ ಬಂಗಲೆಯವು ಎಂದು ಗಿರಾಕಿಗಳಿಗೆ ಹೇಳುವುದು, ತರುವಾಗ ಮುಂಬಾಗಿಲಿಗೆ ಬರುವುದು ಬೇಡ.

"ಓಯ್ತೀಯಾ?" ಎಂದಳು ರೇವಮ್ಮ.

ಲಿಂಗಯ್ಯ ಗೋಣಿಚೀಲ ಕೊಡವಿದ.

ಅಂಗಡಿಯ ಹಿಂದಿನ ಓಣಿಯಲ್ಲಿ ಎರಡಾಳು ಒಟ್ಟಿಗೆ ನಡೆಯುವಂತಿರಲಿಲ್ಲ. ಹೋಟೆಲಿನ ಮುಸುರೆ ನೀರು ಚರಂಡಿ ತುಂಬಿ ದಾರಿಗೆ ಹರಿದಿತ್ತು. ಲಿಂಗಯ್ಯ ಪಂಚೆ ಎತ್ತಿ ಕಟ್ಟಿ, ಒಣಗಿದ್ದ ಒಂದು ಕಲ್ಲಿನ ಮೇಲೆ ಕಾಲೂರಿ, ಹಿತ್ತಲ ಬಾಗಿಲು ತಟ್ಟಿದ. ಒಳಗೆ ಗಿರಾಕಿಗಳಿದ್ದರು. ಯಾರೋ ಹೆಂಗಸು ನಗುತ್ತ ಏನೋ ಕೇಳಿದಳು, ತಿರುನಾರಾಯಣ ಮೆಲುದನಿಯಲ್ಲಿ ಉತ್ತರ ಹೇಳುತ್ತಿದ್ದ, ಮಾತು ಕೇಳಿಸುತ್ತಿರಲಿಲ್ಲ. ಲಿಂಗಯ್ಯ ಎರಡನೇ ಸಲ ತಟ್ಟಲಿಲ್ಲ. ಪೆಟ್ಟಿಗೆಯ ಹೊರೆಯನ್ನು ಬಲಹೆಗಲಿನಿಂದ ಎಡಹೆಗಲಿಗೆ ಬದಲಿಸಿಕೊಂಡು, ಎದುರುಗಡೆಯಿಂದ ಬಂದ ಹಂದಿಯೊಂದು ದಾಟಿಹೋಗಲೆಂದು ಗೋಡೆಗೆ ಒತ್ತಿ ನಿಂತ.