ವ್ಯಾನಿನ ಬಾಗಿಲಿಗೆ ಬಳಿದ ವಿಭೂತಿ

1998ರ ನವೆಂಬರ್ 9, ಸೋಮವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಜಯಲಕ್ಷ್ಮಿಪುರಂನ ನಮ್ಮ ಮಾನಸಿಕ ಆರೋಗ್ಯ ಸಂಸ್ಥೆಯ ಅಂಗಳದಲ್ಲಿ ನಿಂತಿದ್ದ ವ್ಯಾನಿನ ಪಕ್ಕದ ಬಾಗಿಲಿಗೆ ಮತ್ತೆ ವಿಭೂತಿ ಬಳಿದಿತ್ತು. ಆಯುಧಪೂಜೆ ಮುಗಿದು ನಲವತ್ತು ದಿನವಾಗಿತ್ತು. ಮೂರು ಪಟ್ಟೆಯಾದರೂ ಅಲ್ಲ, ದಪ್ಪ ಲೇಪ. ಅದೂ ಸರಿಯಾಗಿ ಸಂಸ್ಥೆಯ ಲಾಂಛನದ ಮೇಲೆ.

ಲಾಂಛನವೆಂದರೆ ಬಿರುಕು ಬಿಟ್ಟ ಒಂದು ತಲೆ, ಒಳಗೆ ದೀಪ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನೇ ಬರೆದದ್ದು. ಈಗ ನಾನು ಸಂಸ್ಥೆಯ ಕಾರ್ಯದರ್ಶಿ.

“ಏನ್ರೀ ಇದು?” ಎಂದು ಡ್ರೈವರ್ ಸಿದ್ದಲಿಂಗಸ್ವಾಮಿಯನ್ನು ಕೇಳಿದೆ.

“ಬಂಡಿಗೆ ದೃಷ್ಟಿ ಆಗ್ಬಾರ್ದಲ್ಲ ಸಾ.”

“ನಿಂಬೆಹಣ್ಣು ಮುಂದಿದೆ. ವಿಭೂತಿ ಮಾತ್ರ ಪಕ್ಕಕ್ಕೆ?”

“ದೃಷ್ಟಿ ಪಕ್ಕದಿಂದ್ಲೂ ಬೀಳ್ತದೆ ಸಾ.”

ನನಗೆ ನಂಬಿಕೆ ಬರಲಿಲ್ಲ. ಸಂಸ್ಥೆಯ ಬಂಡಿಯನ್ನು ಕದ್ದು ಬಾಡಿಗೆಗೆ ಓಡಿಸುವವನಿಗೆ ಲಾಂಛನ ಕಾಣದಿರುವುದೇ ಅನುಕೂಲ. ಎದುರಿಗೇ ನಿಂತು ಒರೆಸಿಸಿದೆ. ಮೀಟರಿನ ಅಂಕಿ ಗುರುತು ಹಾಕಿಕೊಂಡೆ. ಒಳಗೆ ಧನುಶ್ರೀ ಕಾಯುತ್ತಿದ್ದಳು. ಲಾಂಛನವನ್ನು ಹೊಸದಾಗಿ ಬರೆಯಲು ಒಪ್ಪಿಕೊಂಡಿದ್ದ ಹುಡುಗಿ. ಅವಳ ನಕ್ಷೆಯಲ್ಲಿ ತಲೆ ಇನ್ನೂ ಚಿಕ್ಕದೆನಿಸಿತು. “ನೂರು ಅಡಿ ದೂರದಿಂದ ಕಾಣಬೇಕು ಕಣಮ್ಮ,” ಎಂದೆ.

ಮಂಗಳವಾರ ವಾಣಿ ಬರಲಿಲ್ಲ. ಬುಧವಾರವೂ ಇಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗಿ ನಮ್ಮ ಹಗಲು ಕೇಂದ್ರಕ್ಕೆ ಸೇರಿದ ಏಳು ತಿಂಗಳಲ್ಲಿ ಒಂದು ದಿನವೂ ತಪ್ಪಿಸಿರದ ಹುಡುಗಿ. ನಮ್ಮಲ್ಲೇ ನಗಲು ಕಲಿತವಳಂತೆ ಈಚೆಗೆ ನಗುತ್ತಿದ್ದಳು. ಸಿದ್ದಲಿಂಗಸ್ವಾಮಿ ಬೇರೆ ಬಾಡಿಗೆ ಹಿಡಿದು ಅವಳನ್ನು ಕರೆತರದೆ ಬಿಟ್ಟನೆಂದೇ ಲೆಕ್ಕ ಹಾಕಿದೆ. ಆದರೆ ಮೀಟರಿನಲ್ಲಿ ಮಾಮೂಲಿ ಓಡಾಟಕ್ಕಿಂತ ಒಂದು ಕಿಲೋಮೀಟರೂ ಹೆಚ್ಚಿರಲಿಲ್ಲ. ಅದನ್ನೂ ಅನುಮಾನಿಸಿದೆ.

ಗುರುವಾರ ವಾಣಿ ಬಂದಳು. ಸಂಜೆ ಸ್ಕೂಟರಿನಲ್ಲಿ ವ್ಯಾನಿನ ಹಿಂದೆಯೇ ಹೋದೆ. ಅಶೋಕಪುರಂನ ಒಂದು ತಿರುವಿನಲ್ಲಿ ವ್ಯಾನ್ ನಿಂತಿತು. ವಾಣಿ ಇಳಿದು, ತಲೆ ತಗ್ಗಿಸಿ ಒಬ್ಬಳೇ ನಡೆದಳು. ನಾನೂ ನಡೆದೆ. ನನ್ನ ಹೆಜ್ಜೆ ಎಪ್ಪತ್ತೈದು ಸೆಂಟಿಮೀಟರ್; ಅವಳ ಮನೆಗೆ ನಾನೂರ ಹನ್ನೆರಡು ಹೆಜ್ಜೆ. ಮುನ್ನೂರ ಒಂಬತ್ತು ಮೀಟರ್.

ಬಾಗಿಲಲ್ಲಿ ಅವಳ ತಾಯಿ ಚಾಮುಂಡಮ್ಮ ನಿಂತಿದ್ದರು. ನಾನು ಹೆಸರು ಹೇಳುತ್ತಲೇ ಒಳಗೆ ಕರೆದು ಬಾಗಿಲು ಮುಚ್ಚಿದರು.

“ಬೀದಿಯೋರ್ಗೆ ಹೊಲಿಗೆ ಕ್ಲಾಸು ಅಂದಿದೀನಿ. ಡ್ರೈವರ್ ಸ್ವಾಮಿಯವ್ರು ಆ ಬುರುಡೆ ಮೇಲೆ ವಿಭೂತಿ ಬಳ್ದು ಬಾಗ್ಲಿಗೇ ತಂದು ಬುಡ್ತಿದ್ರು. ಸೋಮವಾರ ಬುರುಡೆ ಬಯಲಾಗಿ ಬಂತು. ಎದುರ್ಮನೆಯೋರು ಕೇಳೇ ಬುಟ್ರು, ‘ಅದೇನು ಹುಚ್ಚಾಸ್ಪತ್ರೆ ಬಂಡಿಯಾ?’ ಅಂತ. ಎರಡು ದಿನ ಕಳಿಸ್ಲಿಲ್ಲ; ಹೋಗ್ತೀನಿ ಅಂತ ಇವ್ಳು ಹಟ ಮಾಡಿದ್ಲು, ಮೂಲೇಲಿ ಇಳಿಸ್ಲಿ ಅಂತ ಒಪ್ಕೊಂಡೆ. ಇನ್ನೊಂದ್ಸಲ ಯಾರಾದ್ರೂ ಕೇಳ್ಲಿ, ಕಳಿಸೋದಿಲ್ಲ ಕಣ್ರೀ.”

ವಾಣಿ ಗೋಡೆಗೊರಗಿ ನನ್ನನ್ನೇ ನೋಡುತ್ತಿದ್ದಳು.

ತಿರುವಿಗೆ ಮರಳಿ ಬಂದೆ; ವ್ಯಾನ್ ಅಲ್ಲೇ ನಿಂತಿತ್ತು. “ನನಗ್ಯಾಕ್ರೀ ಹೇಳಲಿಲ್ಲ?”

“ಯಾರಿಗೂ ಹೇಳ್ಬಾರ್ದು ಅಂತ ಆಯಮ್ಮ ಆಣೆ ಹಾಕ್ಸಿದ್ರು ಸಾ.” ಸಿದ್ದಲಿಂಗಸ್ವಾಮಿ ಸ್ಟಿಯರಿಂಗ್ ಸವರಿದ. “ಅಲ್ದೆ ಆ ತಲೆ ತಾವೇ ಬರ್ದಿದ್ದಂತಲ್ಲ.”

ಮರುದಿನ ಧನುಶ್ರೀಗೆ ತಲೆಯೇ ಬೇಡವೆಂದೆ. ಅವಳು ಒಂದು ಹೊತ್ತು ನಮ್ಮಲ್ಲೇ ಕೂತು, ಹನ್ನೊಂದು ಗಂಟೆಗೆ ಎಲ್ಲರೂ ಸೇರಿ ಕಾಫಿ ಕುಡಿಯುವುದನ್ನು ನೋಡಿ, ನಾಲ್ಕು ಗೆರೆಗಳಲ್ಲಿ ಒಂದು ಲೋಟ ಬರೆದಳು.

“ಕಾಫಿಪುಡಿ ಕಂಪನಿ ಅಂದ್ಕೋತಾರೆ ಸರ್.”

“ಅಂದುಕೊಳ್ಳಲಿ ಬಿಡಮ್ಮ.”

ಬಾಗಿಲಿಗೆ ಹೊಸ ಬಣ್ಣ ಹೊಡೆಸಿದ ಮೇಲಿನ ಸೋಮವಾರ ನಾನೂ ವ್ಯಾನಿನಲ್ಲಿ ಹೋದೆ, ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಂಡು. ಸಿದ್ದಲಿಂಗಸ್ವಾಮಿ ತಿರುವು ದಾಟಿ ವಾಣಿಯ ಮನೆ ಮುಂದೆಯೇ ನಿಲ್ಲಿಸಿದ. ಎದುರುಮನೆಯಾಕೆ ಲೋಟ ನೋಡಿ, “ಪುಡಿ ಎಷ್ಟ್ರೀ ಕಾಲು ಕೆ.ಜಿ.?” ಎಂದು ಕೂಗಿದರು. ವಾಣಿ ನಗುತ್ತಾ ಇಳಿದಳು. ವ್ಯಾನಿನ ಮೆಟ್ಟಿಲಿನಿಂದ ಅವರ ಹೊಸ್ತಿಲಿಗೆ ಎರಡು ಮೀಟರ್ ನಲವತ್ತು ಸೆಂಟಿಮೀಟರ್.