ಹೊಸ ನೀರಿಗೆ ದಡದಿಂದಲೇ ಕೈ ಮುಗಿಯಿರಿ

ಭದ್ರಾವತಿಯ ಜನ್ನಾಪುರದ ಮಹಿಳಾ ಸಮಾಜದ ಮುಂದೆ ಐವತ್ತೆಂಟನೇ ಇಸವಿಯ ಜೂನ್ ತಿಂಗಳಲ್ಲಿ ಅತ್ಯಂತ ಗಂಭೀರವಾದ ಒಂದು ಪ್ರಶ್ನೆ ಎದುರಾಯಿತು. ಜೋಗದ ಜಲಪಾತ ನೋಡಲು ಹೋಗುವಾಗ ಒಯ್ಯುವ ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕಬೇಕೇ, ಬೇಡವೇ? ದೇಶದಲ್ಲಿ ಆಗ ಎರಡನೆಯ ಪಂಚವಾರ್ಷಿಕ ಯೋಜನೆ ನಡೆಯುತ್ತಿತ್ತು. ಅದರ ಬಗ್ಗೆ ಕೂಡ ಆ ಊರಿನಲ್ಲಿ ಇಷ್ಟು ಬಿಸಿಯಾದ ಚರ್ಚೆ ಆಗಿರಲಿಕ್ಕಿಲ್ಲ.

ಸಮಾಜದ ಅಧ್ಯಕ್ಷೆ ಕಾಶಮ್ಮನವರು ಬೆಳ್ಳುಳ್ಳಿಯ ಪಕ್ಷ. ಅವರ ಯಜಮಾನರು ಷಡಕ್ಷರಪ್ಪ ಓಲ್ಡ್ ಟೌನಿನಲ್ಲಿ ಜವಳಿ ಅಂಗಡಿ ಇಟ್ಟವರು. ಅಂಗಡಿ ಅವರದು, ಮಾತು ಕಾಶಮ್ಮನವರದು. ಪಕ್ಕದ ಮನೆಯ ಬಂಗಾರಮ್ಮ ಎರಡೂ ಪಕ್ಷ. ಆಕೆಗೆ ಚಟ್ನಿಪುಡಿ ಸಿಕ್ಕರೆ ಸಾಕು. ಬೆಳ್ಳುಳ್ಳಿ ಬೇಡವೆಂದವರು ಪ್ರೈಮರಿ ಶಾಲೆಯ ಟೀಚರ್ ಸುಬ್ಬಲಕ್ಷ್ಮಿ. ಈ ಸುಬ್ಬಲಕ್ಷ್ಮಿ ಹೆದರುಪುಕ್ಕಲಿ ಎಂದು ಕೇರಿಯಲ್ಲೆಲ್ಲ ಪ್ರಸಿದ್ಧಿ. ಬಸ್ಸು ಹತ್ತುವ ಮೊದಲು ಚಕ್ರ ನೋಡುವವರು, ಬಾವಿಯ ಹತ್ತಿರ ಹೋದರೆ ಕಟ್ಟೆಗೆ ಹೊಟ್ಟೆ ತಾಗಿಸದವರು. ಕೊನೆಗೆ ಎರಡು ಡಬ್ಬಿಯಲ್ಲಿ ಎರಡು ಬಗೆಯ ಪುಡಿ ಎಂದು ತೀರ್ಮಾನವಾಯಿತು. ಹೊಳೆಯಲ್ಲಿ ನೀರು ಈಗ ಹೇಗಿದೆ ಎಂದು ಮಾತ್ರ ಯಾರೂ ಯಾರನ್ನೂ ಕೇಳಲಿಲ್ಲ.

ಹೊರಟವರು ನಾಲ್ವರು. ನಾಲ್ಕನೆಯವಳು ಕಾಶಮ್ಮನವರ ಸೊಸೆ ಬಸವರಾಜೇಶ್ವರಿ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೂರು ಎಂದರೆ ಕೂರುವಳು, ಏಳು ಎಂದರೆ ಏಳುವಳು. ಇಂಥ ಸೊಸೆ ಪುಣ್ಯ ಮಾಡಿದವರಿಗೆ ಸಿಗುತ್ತಾಳೆ ಎಂದು ಕೇರಿಯ ಅತ್ತೆಯರೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದರು.

ಬೆಳಗಿನ ಬಸ್ಸಿಗೆ ಶಿವಮೊಗ್ಗ, ಅಲ್ಲಿಂದ ಇನ್ನೊಂದು ಬಸ್ಸು. ಮೃಗಶಿರ ಮಳೆ ಚೆನ್ನಾಗಿ ಹೊಯ್ದು ಅಂದು ಬಿಡುವು ಕೊಟ್ಟಿತ್ತು. ಜೋಗದಲ್ಲಿ ಇಳಿದಾಗ ನೆತ್ತಿ ಸುಡುವ ಬಿಸಿಲು. ಬಸ್ಸು ನಿಂತ ಕಡೆ ಕಾಫಿ ಕೊಟ್ಟ ಹೋಟೆಲಿನವನು, ಇವರ ಕೈಯ ಬುತ್ತಿಗಂಟು ನೋಡಿ ಹೇಳಿದ:

"ಅಮ್ಮಾ, ಊಟಕ್ಕೆ ಹೊಳೆಗೆ ಇಳೀಬೇಡಿ. ಮೇಲೆ ಹೊಸನಗರದ ಕಡೆ ರಾತ್ರಿಯೆಲ್ಲ ಭಾರೀ ಮಳೆಯಂತೆ."

"ಹೊಸನಗರದಲ್ಲಿ ಮಳೆ ಬಂದ್ರೆ ಹೊಸನಗರದವರು ಕೊಡೆ ಹಿಡೀತಾರೆ ಬಿಡಪ್ಪ," ಎಂದರು ಕಾಶಮ್ಮ.

ಬಂಗಾರಮ್ಮ ನಕ್ಕಳು. ಸುಬ್ಬಲಕ್ಷ್ಮಿ ನಗಲಿಲ್ಲ. "ಕಾಶಕ್ಕ, ಮೊದಲು ಜಲಪಾತ ನೋಡಿಬಿಡೋಣ. ಊಟ ಅಲ್ಲೇ ಮೇಲೆ ಎಲ್ಲಾದರೂ ಮಾಡಿದ್ರಾಯ್ತು."

"ಅದು ಹೇಗಾಗುತ್ತೆ ಟೀಚರಮ್ಮ? ಗಂಗಮ್ಮನಿಗೆ ಅರಿಶಿನ ಕುಂಕುಮ ಏರಿಸದೆ ಅವಳು ಬೀಳೋದನ್ನ ನೋಡ್ತಾರಾ? ಮೊದಲು ಪೂಜೆ, ಆಮೇಲೆ ಊಟ, ಆಮೇಲೆ ನೋಟ."

ಅಧ್ಯಕ್ಷೆಯ ತೀರ್ಮಾನಕ್ಕೆ ಮೇಲ್ಮನವಿ ಇರಲಿಲ್ಲ. ಜಲಪಾತಕ್ಕಿಂತ ಎರಡು ಫರ್ಲಾಂಗು ಮೇಲಕ್ಕೆ, ಹೊಳೆ ಬಂಡೆಗಳ ನಡುವೆ ಹರಿಯುವ ಕಡೆಗೆ, ನಾಲ್ವರೂ ಇಳಿದರು. ನೀರು ಕಡಿಮೆಯೇ ಇತ್ತು; ಅಲ್ಲೊಂದು ಸೀಳು, ಇಲ್ಲೊಂದು ಸೀಳು. ದಡದಲ್ಲಿ ಒಂದು ಮತ್ತಿಮರ. ಅದರ ಮುಂದೆ ಕಾಲು ಚಾಚಿದರೆ ದಾಟಬಹುದಾದ ಒಂದು ಹರಿವು. ಅದರಾಚೆ ಹಾಸುಬಂಡೆ, ಮದುವೆಯ ಪಂಕ್ತಿ ಹಾಕಬಹುದು, ಅಷ್ಟು ಸಪಾಟು. ಜಲಪಾತ ಕಾಣುತ್ತಿರಲಿಲ್ಲ. ಕೆಳಗೆ ಎಲ್ಲೋ ಅದು ಬೀಳುವ ಸದ್ದು ಮಾತ್ರ, ಬಂಡೆಯ ಮೇಲೆ ಅಂಗಾಲಿಟ್ಟರೆ ಮೈಯೊಳಗೆ ಕೇಳಿಸುತ್ತಿತ್ತು.

ಕಾಶಮ್ಮ ಸೊಸೆಯನ್ನು ಕರೆದುಕೊಂಡು ಹಾಸುಬಂಡೆಗೆ ದಾಟಿದರು. ಬಂಗಾರಮ್ಮನಿಗೆ ಮಂಡಿನೋವು, ದಡದಲ್ಲೇ ಜಮಖಾನ ಹಾಸಿ ಕುಳಿತಳು. ಸುಬ್ಬಲಕ್ಷ್ಮಿ ಚಿಟಿಕೆ ಅರಿಶಿನ ಒದ್ದೆ ಮಾಡಿ, ನೀರಿನ ಅಂಚಿಗಿಂತ ಒಂದು ಗೇಣು ಮೇಲೆ, ಕಲ್ಲಿಗೆ ಬೊಟ್ಟಿಟ್ಟರು.

"ಇದೇನೇ ಮಾರಾಯ್ತಿ, ಕಲ್ಲಿಗೆ ಮದುವೆ ಮಾಡ್ತೀಯಾ?"

"ಗುರುತು ಬಂಗಾರಮ್ಮ. ನೀರು ಏರಿದ್ರೆ ಗೊತ್ತಾಗಲಿ ಅಂತ."

"ಬಿಸಿಲಲ್ಲಿ ನೀರು ಏರುತ್ತೇನೇ? ನಿಂಗೆ ಒಲೆ ಮೇಲಿನ ಹಾಲು ಉಕ್ಕಿದ್ರೂ ಪ್ರವಾಹವೇ."

"ಹೊಳೆ ಇಲ್ಲಿಯ ಬಿಸಿಲು ಕೇಳಿ ಹರಿಯಲ್ಲ. ಮೇಲೆ ಎಲ್ಲೋ ಬಿದ್ದ ಮಳೆ ನೀರು, ಬರೋವಾಗ ಒಟ್ಟಿಗೇ ಬರುತ್ತೆ."

ಬಂಗಾರಮ್ಮ ಬುತ್ತಿ ಬಿಚ್ಚಿ ರೊಟ್ಟಿ ಎಣಿಸತೊಡಗಿದಳು. ಸುಬ್ಬಲಕ್ಷ್ಮಿ ಮತ್ತೆ ನೋಡಿದಾಗ ಅರಿಶಿನದ ಬೊಟ್ಟಿನ ಕೆಳಗಿನ ಅಂಚು ಒದ್ದೆಯಾಗಿತ್ತು. ಅಲೆ ಬಡಿದಿರಬಹುದು ಅಂದುಕೊಂಡರು. ಇನ್ನೊಮ್ಮೆ ನೋಡಿದಾಗ ಬೊಟ್ಟೇ ಇರಲಿಲ್ಲ.

"ಕಾಶಕ್ಕಾ! ನೀರು ಏರ್ತಾ ಇದೆ! ಈಚೆ ಬಂದುಬಿಡಿ!"

ಹಾಸುಬಂಡೆಯ ಮೇಲೆ ಕಾಶಮ್ಮ ಎದ್ದು ನಿಂತರು. ಅವರೂ ಕಂಡಿದ್ದರು. ತಿಳಿಯಾಗಿದ್ದ ನೀರಿನ ನಡುವೆ ಕೆಂಪನೆಯ ಒಂದು ಪಟ್ಟಿ ಬರುತ್ತಿತ್ತು. ಅದರ ಮೇಲೆ ಕಸ, ತರಗೆಲೆ, ಮುರಿದ ಟೊಂಗೆ, ಬಿಳಿ ನೊರೆ. ಅವರ ಮುಖ ಅರಳಿತು.

ಇದಕ್ಕೆ ಕಾರಣವಿದೆ. ಕಾಶಮ್ಮನವರು ಶಿವಮೊಗ್ಗದಲ್ಲಿ ಹುಟ್ಟಿ ಬೆಳೆದವರು. ತುಂಗೆಯಲ್ಲಿ ಕೆಂಪು ನೀರು ಬಂತು, ಹೊಳೆಯೊಳಗಿನ ಮಂಟಪ ಮುಳುಗಿತು ಎಂದರೆ ಆ ಊರಿಗೆ ಹಬ್ಬ. ಮನೆಮಂದಿಯೆಲ್ಲ ಹೊಳೆದಂಡೆಗೆ ಹೋಗುತ್ತಾರೆ, ಹೆಂಗಸರು ಬಾಗಿನ ಬಿಡುತ್ತಾರೆ. ಬೇರೆ ಊರಿನವರು ಏರುವ ನೀರು ಕಂಡರೆ ಓಡುತ್ತಾರೆ. ನಮ್ಮವರು ಅರಿಶಿನ ಕುಂಕುಮ ಹಿಡಿದು ಎದುರು ಹೋಗುತ್ತಾರೆ.

"ಹೊಸ ನೀರು ಕಣೇ ರಾಜೇಶ್ವರಿ! ಎಂಥ ಪುಣ್ಯ ನೋಡು, ನಾವು ಬಂದ ದಿನವೇ ಬಂದ್ಲು ತಾಯಿ. ತೆಗಿ, ಬಟ್ಟಲು ತೆಗಿ. ಆರತಿ ಹಚ್ಚು."

ಸೊಸೆ ಬೆಳ್ಳಿಯ ಕುಂಕುಮದ ಬಟ್ಟಲು ತೆಗೆದಳು. ಆರತಿ ಹಚ್ಚಿದಳು.

"ಕಾಶಕ್ಕಾ, ಪೂಜೆ ಇಲ್ಲಿಂದ ಮಾಡಿ! ನಿಮ್ಮ ಹಿಂದೆ ನೋಡಿ!"

"ಶುರು ಮಾಡಿದ ಪೂಜೆ ಅರ್ಧಕ್ಕೆ ಬಿಟ್ಟು ಏಳ್ತಾರೇನ್ರಿ? ಗಂಗಮ್ಮ ತಾಯಿ ಟೀಚರಮ್ಮ! ತಾಯಿ ಮಕ್ಕಳನ್ನ ತಿಂತಾಳಾ?"

ಅವರ ಹಿಂದೆ, ಕಾಲು ಚಾಚಿ ದಾಟಿದ್ದ ಹರಿವು ಆಗಲೇ ಜಿಗಿದರೂ ದಾಟಲಾಗದಷ್ಟು ಅಗಲವಾಗಿತ್ತು. ಮೊದಲು ಬುಳುಬುಳು ಎನ್ನುತ್ತಿದ್ದುದು ಈಗ ಸದ್ದೇ ಇಲ್ಲದೆ ಹರಿಯುತ್ತಿತ್ತು. ಕೆಳಗಿನ ಮೊರೆತ ಮಾತ್ರ ಬದಲಾಗಿತ್ತು. ಬಾಗಿಲಾಚೆ ಯಾರೋ ದೊಡ್ಡ ನಗಾರಿ ಬಾರಿಸತೊಡಗಿದ ಹಾಗೆ. ಬಂಗಾರಮ್ಮನ ಕೈಯ ರೊಟ್ಟಿ ಕೆಳಗೆ ಬಿತ್ತು. ಮಂಡಿನೋವು ಮರೆತು ಸೆರಗು ಕಟ್ಟಿ ನೀರಿಗಿಳಿಯಲು ಹೊರಟಳು. ಸುಬ್ಬಲಕ್ಷ್ಮಿ ಆಕೆಯ ಜಡೆಯನ್ನೇ ಹಿಡಿದು ಎಳೆದರು.

"ಬಿಡೇ! ಎಳಕೊಂಡು ಬರ್ತೀನಿ!"

"ಇಳೀಬೇಡ! ನೀನಿಳಿದ್ರೆ ನೀನೂ ಹೋಗ್ತೀಯ. ನಮ್ಮ ದೊಡ್ಡಣ್ಣ ಹೀಗೇ ಹೋಗಿದ್ದು, ಯಾರನ್ನೋ ಎಳಿಯೋಕೆ ಇಳಿದು. ಸೀರೆ ಕೊಡು, ಗಂಟಲ್ಲಿರೋ ಸೀರೆಯೆಲ್ಲ ತೆಗಿ!"

ಸುಬ್ಬಲಕ್ಷ್ಮಿಯ ದೊಡ್ಡಣ್ಣನ ವಿಷಯ ಕೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಂಗಾರಮ್ಮ ಬಟ್ಟೆಯ ಗಂಟು ಬಿಚ್ಚಿದಳು. ಮಿಂದು ಉಡಲು ತಂದ ಸೀರೆಗಳು ಅದರಲ್ಲಿದ್ದವು. ಒಂದರ ತುದಿಗೆ ಒಂದು ಗಂಟು ಹಾಕಿ, ಒಂದು ಕೊನೆಯನ್ನು ಮತ್ತಿಮರಕ್ಕೆ ಬಿಗಿದರು. ಇನ್ನೊಂದು ಕೊನೆಗೆ ಹಿತ್ತಾಳೆ ತಂಬಿಗೆ ಕಟ್ಟಿ ಸುಬ್ಬಲಕ್ಷ್ಮಿ ಎಸೆದರು. ಅದು ನೀರಿಗೆ ಬಿತ್ತು. ಎಳೆದು ಮತ್ತೆ ಎಸೆದರು. ತಂಬಿಗೆ ಹಾಸುಬಂಡೆಯ ಮೇಲೆ ಉರುಳಿ ಬಸವರಾಜೇಶ್ವರಿಯ ಕಾಲ ಬಳಿ ನಿಂತಿತು.

ಅವಳು ಅದನ್ನು ಮುಟ್ಟಲಿಲ್ಲ. ಆರತಿ ತಟ್ಟೆ ಹಿಡಿದು ನಿಂತಿದ್ದಳು. ನೀರು ಬಂಡೆಯ ಮೇಲೇರಿ ಅವಳ ಹಿಮ್ಮಡಿ ಮುಟ್ಟುತ್ತಿತ್ತು. ಕಣ್ಣು ಅತ್ತೆಯ ಮುಖದ ಮೇಲಿತ್ತು. ಅತ್ತೆ ಏಳು ಅಂದಿರಲಿಲ್ಲ.

ಆಗ ಸುಬ್ಬಲಕ್ಷ್ಮಿ, ಶಾಲೆಯ ಇನ್ಸ್‌ಪೆಕ್ಟರ ಮುಂದೆ ಕೂಡ ದನಿ ಏರಿಸದವರು, ಹೊಳೆಗೂ ಕೇಳುವಂತೆ ಕೂಗಿದರು:

"ಕಾಶಮ್ಮಾ! ಪೂಜೆ ನಿನ್ನದು! ಜೀವ ಆ ಹುಡುಗೀದು! ನೀನು ಹೇಳದೆ ಅವಳು ಕದಲಲ್ಲ, ನೋಡಲ್ಲಿ!"

ಕಾಶಮ್ಮ ತಿರುಗಿ ನೋಡಿದರು. ಬಹುಶಃ ಸೊಸೆಯನ್ನು ಅವರು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. ಹುಡುಗಿಯ ತುಟಿ ಬೆಳ್ಳಗಾಗಿತ್ತು. ಆ ಮಗು ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಅತ್ತೆಯ ಅಪ್ಪಣೆಗಾಗಿ ಕಾಯುತ್ತ ಮುಳುಗಲು ಸಿದ್ಧವಾಗಿ ನಿಂತಿತ್ತು.

"ಬಿಡೇ ತಟ್ಟೆ!" ಎಂದರು ಕಾಶಮ್ಮ. ದನಿ ಅವರದಾಗಿರಲಿಲ್ಲ. "ಬಿಸಾಕು! ಸೀರೆ ಹಿಡಿ. ಮೊದಲು ನೀನು."

"ಅತ್ತೆ, ನೀವು..."

"ಹೋಗು ಅಂದ್ರೆ ಹೋಗೇ!"

ಸೀರೆಯನ್ನು ಎರಡೂ ಕೈಗೆ ಸುತ್ತಿಕೊಂಡು ಹುಡುಗಿ ಇಳಿದಳು. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಒಮ್ಮೆ ಕಾಲು ತೇಲಿ ಪೂರಾ ಅಡ್ಡಡ್ಡ ಹೋದಳು, ಗಂಟು ಕಿರ್ರೆಂದಿತು. ಬಂಗಾರಮ್ಮ, ಸುಬ್ಬಲಕ್ಷ್ಮಿ ಇಬ್ಬರೂ ಮರಕ್ಕೆ ಕಾಲುಕೊಟ್ಟು ಎಳೆದರು. ಹುಡುಗಿ ದಡಕ್ಕೆ ಬಿದ್ದಳು. ಬಿದ್ದವಳೇ ಎದ್ದು ತಾನೂ ಸೀರೆಗೆ ಕೈ ಹಾಕಿದಳು. ತಂಬಿಗೆ ಮತ್ತೆ ಹಾರಿತು. ಕಾಶಮ್ಮ ಹಿಡಿದುಕೊಂಡರು, ಇಳಿದರು, ಮೊದಲ ಹೆಜ್ಜೆಗೇ ಜಾರಿದರು. ಒಂದು ಗಳಿಗೆ ಕೆಂಪು ನೀರಿನ ಮೇಲೆ ಅವರ ಎರಡು ಕೈ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆ ಕೈ ಸೀರೆ ಬಿಡಲಿಲ್ಲ. ಮೂವರು ಎಳೆದರು. ಕಲ್ಲಿಗೆ ಬಡಿದು ಮಂಡಿ ಜಜ್ಜಿಕೊಂಡೇ ಕಾಶಮ್ಮ ದಡ ಸೇರಿದ್ದು.

ತಿರುಗಿ ನೋಡಿದಾಗ ಹಾಸುಬಂಡೆ ಇರಲಿಲ್ಲ. ಬೆಳ್ಳಿ ಬಟ್ಟಲು, ಆರತಿ ತಟ್ಟೆ ಹೋಗಿದ್ದವು. ಎಲ್ಲಿ ಹೋದವು ಎಂದು ಕೇಳಬೇಕಾಗಿರಲಿಲ್ಲ. ಕೆಳಗಿನ ಸದ್ದು ಹೇಳುತ್ತಿತ್ತು. ಬಿಸಿಲು ಹಾಗೆಯೇ ಇತ್ತು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಒದ್ದೆ ಸೀರೆಗಳ ಗಂಟು ಬಿಚ್ಚುತ್ತ ಬಂಗಾರಮ್ಮ ಹೇಳಿದಳು, "ಸುಬ್ಬಲಕ್ಷ್ಮಿ, ನಿನ್ನ ಪುಕ್ಕಲುತನದಲ್ಲಿ ನನಗೂ ಸ್ವಲ್ಪ ಕೊಡೇ ಮಾರಾಯ್ತಿ."

ಮರುದಿನ ಜನ್ನಾಪುರದ ಮನೆಯಲ್ಲಿ ಷಡಕ್ಷರಪ್ಪನವರು ಎಲ್ಲವನ್ನೂ ಕೇಳಿದರು. ವ್ಯಾಪಾರಸ್ಥರು; ಮೊದಲು ಅವರ ಬಾಯಿಂದ ಬಂದದ್ದು, "ಹೊಸ ಇಳಕಲ್ ಸೀರೆಗೂ ಗಂಟು ಹಾಕಿದ್ರಾ?"

"ಹಾಕಿದ್ವಿ. ಅದೇ ಗಟ್ಟಿ ನಿಂತಿದ್ದು," ಎಂದರು ಕಾಶಮ್ಮ, ಮಂಡಿಗೆ ಅರಿಶಿನದ ಪಟ್ಟು ಹಾಕಿಸಿಕೊಳ್ಳುತ್ತ.

"ಅಲ್ಲ ಕಣೇ, ನಾನು ಸಣ್ಣವನಿದ್ದಾಗಿಂದ ತುಂಗೇಲಿ ಕೊನೇ ಮೆಟ್ಟಿಲಿಗೆ ಇಳಿದೇ ಪೂಜೆ ಮಾಡಿದ್ದೀನಿ. ಏನಾಯ್ತು? ಗಂಗೆ ತಾಯಿ ಅಲ್ವಾ?"

"ತಾಯೀನೇ, ಯಾರು ಇಲ್ಲ ಅಂದ್ರು? ಕುದಿಯೋ ಎಸರು ಇಳಿಸೋವಾಗ ಹೆತ್ತ ತಾಯಿನೂ ಮಗೂನ ದೂರ ಹೋಗು ಅಂತಾಳೆ. ಆಗ ಕಾಲಡಿ ಹೋಗಿ ಕೂತು, ಸುಟ್ಟ ಮೇಲೆ ತಾಯಿನ ಬೈತೀರಾ?"

ಷಡಕ್ಷರಪ್ಪ ಅಡುಗೆಮನೆಯತ್ತ ನೋಡಿದರು. ಅಲ್ಲಿ ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಎರಡೂ ಅಂಗೈಯಲ್ಲಿ ಸೀರೆ ಕೊಯ್ದ ಗಾಯ.

"ಮಾವ," ಎಂದಳು. ಆ ಮನೆಯಲ್ಲಿ ಯಾರೂ ಕೇಳದೆ ತಾನಾಗಿ ಅವಳು ಆಡಿದ ಮೊದಲ ಮಾತು ಅದು. "ಈ ಸಲ ನೀವೂ ಇಳೀಬೇಡಿ."

ಮಾವ ಇಳಿಯಲಿಲ್ಲ. ಆ ಶ್ರಾವಣದಲ್ಲಿ ತುಂಗೆ ತುಂಬಿ ಮಂಟಪ ಮುಳುಗಿದಾಗ ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ಹೋದರು, ಮೆಟ್ಟಿಲುಗಳ ಮೇಲ್ತುದಿಯಲ್ಲೇ ಕುಳಿತರು. ಮನೆಯಿಂದ ತಂಬಿಗೆಯಲ್ಲಿ ತಂದ ನೀರನ್ನು ಮುಂದಿಟ್ಟು ಕಾಶಮ್ಮ ಪೂಜೆ ಮಾಡಿದರು. ಕೆಳಗಿಳಿಯುತ್ತಿದ್ದ ಹೆಂಗಸೊಬ್ಬಳು, "ಅಯ್ಯೋ, ಹೊಳೆ ಅಲ್ಲಿದೆ, ಪೂಜೆ ಇಲ್ಲಿ!" ಎಂದು ನಕ್ಕಳು. "ಬಾರಮ್ಮ, ಇಲ್ಲಿ ಕೂರು, ಒಂದು ಮಾತು ಹೇಳ್ತೀನಿ," ಎಂದು ಕಾಶಮ್ಮ ಆಕೆಯ ಸೆರಗು ಹಿಡಿದು ಕೂರಿಸಿಕೊಂಡರು. ಅಧ್ಯಕ್ಷೆಯ ಹಿಡಿತದಿಂದ ಪಾರಾದವರು ಕಡಿಮೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮಳೆಗಾಲದಲ್ಲಿ ಜಲಪಾತ ನೋಡಬೇಡಿ ಎಂದು ನಾವು ಹೇಳುತ್ತಿಲ್ಲ. ದಡದ ಮೇಲೆ ನಿಂತು ಕಣ್ತುಂಬ ನೋಡಿ. ಹೊಳೆಯ ನಡುವಿನ ಬಂಡೆ ಎಷ್ಟೇ ಒಣಗಿರಲಿ, ಅದು ಹೊಳೆಯ ಜಾಗ. ಅಲ್ಲಿ ಬುತ್ತಿ ಬಿಚ್ಚಬೇಡಿ. ನಿಮ್ಮ ತಲೆಯ ಮೇಲಿನ ಬಿಸಿಲನ್ನು ನಂಬಬೇಡಿ, ಮೇಲಿನ ಊರಿನಲ್ಲಿ ಮಳೆಯೇ ಎಂದು ಅಲ್ಲಿಯವರನ್ನು ಕೇಳಿ, ಅವರು ಬೇಡ ಎಂದರೆ ವಾದ ಬೇಡ. ತಿಳಿನೀರು ಕೆಂಪಾದರೆ, ಕಸಕಡ್ಡಿ ನೊರೆ ತೇಲಿ ಬಂದರೆ, ಸದ್ದು ಬದಲಾದರೆ, ಕೈಯಲ್ಲಿ ತುತ್ತಿದ್ದರೂ ಆರತಿಯಿದ್ದರೂ ಬಿಟ್ಟು ದಡ ಹತ್ತಿ. ಯಾರಾದರೂ ಸಿಕ್ಕಿಕೊಂಡರೆ ನೀವು ನೀರಿಗೆ ಹಾರಬೇಡಿ; ಹಗ್ಗವನ್ನೋ ಸೀರೆಯನ್ನೋ ಮರಕ್ಕೆ ಬಿಗಿದು ಎಸೆಯಿರಿ, ಜನರನ್ನು ಕೂಗಿ. ನಿಮ್ಮ ಜೊತೆ ಬಂದ ಪುಕ್ಕಲರು ಹೆದರಿದರೆ ಗೇಲಿ ಮಾಡುವ ಮೊದಲು ನೀರಿನತ್ತ ಒಮ್ಮೆ ತಿರುಗಿ ನೋಡಿ. ಮನೆಯ ಹಿರಿಯರಿಗೆ ಒಂದು ಮಾತು: ನಿಮ್ಮ ಹಿಂದೆ ಬಂದ ಕಿರಿಯರು ನೀವು ಹೇಳುವವರೆಗೆ ಏಳುವುದಿಲ್ಲ. ಬೇಗ ಹೇಳಿ.

ಜನ್ನಾಪುರದಿಂದ ಹೋದ ನಾಲ್ವರೂ ಮನೆಗೆ ಬಂದರು. ಜಲಪಾತವನ್ನು ಅವರಲ್ಲಿ ಒಬ್ಬರೂ ನೋಡಲಿಲ್ಲ.