ಭಂತೆಗೆ ಅಕ್ಕ ಬರೆದ ಒಕ್ಕಣೆ

ನೆನೆಹಾಕಿದ ಅವರೆಕಾಳನ್ನು ಹಿದುಕಿ ಹಿದುಕಿ ಕದಿರಮ್ಮನ ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಸಿಪ್ಪೆ ಒಂದು ಕಡೆ, ಬೇಳೆ ಇನ್ನೊಂದು ಕಡೆ. ಎದುರಿಗೆ ಪಕ್ಕದ ಮನೆಯ ಖುರ್ಷೀದ್ ಬೇಗಂ ಕೂಡ ಮಡಿಲಿಗೆ ಮೊರ ಎಳೆದುಕೊಂಡು ಅದೇ ಕೆಲಸಕ್ಕೆ ಕೂತಿದ್ದಳು. ಅವಳ ಕೈಯಿಂದ ಒಂದು ಬೇಳೆ ಚಿಮ್ಮಿ, ಜಗಲಿಯ ಮೇಲೆ ಕರಪತ್ರ ಓದುತ್ತಿದ್ದ ಕದಿರಮ್ಮನ ಗಂಡ ದೊಡ್ಡವೆಂಕಟಪ್ಪನ ಕನ್ನಡಕಕ್ಕೆ ಟಪ್ಪೆಂದು ತಗುಲಿತು.

"ಏನಮ್ಮಾ ಖುರ್ಷೀದಮ್ಮ, ಗುರಿಯಿಟ್ಟು ಹೊಡೀತೀಯಾ?"

"ಅರೆ, ಗುರಿ ಇಟ್ಟಿದ್ರೆ ಬಾಯಿಗೇ ಬೀಳ್ತಿತ್ತು ಭಾಯ್! ಓದೋದು ಓದಿ, ಎಷ್ಟು ಜನ ಬರ್ತಾರೆ ಅಂತ ಹೇಳಿ."

ದೊಡ್ಡವೆಂಕಟಪ್ಪ ಗಂಟಲು ಸರಿಮಾಡಿಕೊಂಡ. ದೇವರಾಯಸಮುದ್ರದ ಕೆರೆಯ ಪಕ್ಕ ಹುಣ್ಣಿಮೆಯ ದಿನ ಬುದ್ಧನ ಮೂರ್ತಿ ಪ್ರತಿಷ್ಠೆ. ಕರಪತ್ರದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ದೀಪಂಕರ, ಶಾಕ್ಯಮುನಿ, ಸುಗತ, ತಥಾಗತ, ಮೈತ್ರೇಯ ಎಂದು ಸಾಲಾಗಿ ಅಚ್ಚಾಗಿತ್ತು.

"ಐದು ಜನ ಸ್ವಾಮಿಗಳು ಕಣೇ. ಕೆಳಗಡೆ ಸಣ್ಣದಾಗಿ ಸುದಸ್ಸನ ಭಂತೆ ಅಂತಿದೆ. ಅವನೇ ನಿನ್ನ ತಮ್ಮ. ಒಟ್ಟು ಆರು."

"ಅಷ್ಟೂ ಜನ ನಮ್ಮನೆಗೆ ಬಂದ್ರೆ ಇನ್ನೊಂದು ಸೇರು ನೆನೆಹಾಕ್ಬೇಕು," ಎಂದಳು ಕದಿರಮ್ಮ. ಹುಣ್ಣಿಮೆಯ ಹೊತ್ತಿಗೆ ಅವರೆಯ ಸೊಗಡು ಮುಗಿದಿರುತ್ತದೆ ಎಂದು ಈಗಲೇ ಹಿದುಕಿ ಒಣಗಿಸಿಡುವ ಏರ್ಪಾಡು ಅವಳದು.

"ಅವನಿಗೆ ಕಾಗದ ಹಾಕಿದ್ಯಾ?" ಎಂದ ಗಂಡ.

ಕದಿರಮ್ಮ ಇನ್ನೊಂದು ಹಿಡಿ ಕಾಳನ್ನು ಮುಂದಕ್ಕೆ ಎಳೆದುಕೊಂಡಳು.

ತಮ್ಮ ಗಂಗುಲಪ್ಪ ಹುಟ್ಟಿದಾಗ ತಾಯಿ ಹೊಲದ ಕೆಲಸಕ್ಕೆ ಹೋಗುತ್ತಿದ್ದುದರಿಂದ, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ದೊಡ್ಡವನಾಗಿ ಕೋಲಾರದಲ್ಲಿ ಲೈನ್‌ಮನ್ ಆಗಿ ಕರೆಂಟ್ ಕಂಬ ಹತ್ತಿಕೊಂಡಿದ್ದ. ಮದುವೆ ಬೇಡವೆಂದ. ಒಂದು ದಿನ ಕೆಲಸವನ್ನೂ ಬಿಟ್ಟು, ಮೈಸೂರಿನ ಆಚೆಯ ಒಂದು ವಿಹಾರಕ್ಕೆ ಸೇರಿ ಸುದಸ್ಸನ ಎಂಬ ಹೆಸರಿನ ಭಿಕ್ಕುವಾದ. ಫೋನು ಇಟ್ಟುಕೊಂಡಿರಲಿಲ್ಲ. ದೀಪಾವಳಿಯಲ್ಲಿ ಅವನಿಂದ ಒಂದು ಕಾಗದ ಬಂದಿತ್ತು. ಪ್ರತಿಷ್ಠೆಯ ಮಾರನೆಯ ದಿನ ನಿಮ್ಮೂರು ವೇಮಗಲ್ ಮೇಲೆಯೇ ಹಿಂತಿರುಗುತ್ತೇವೆ, ಕರೆದರೆ ಊಟಕ್ಕೆ ಬರುತ್ತೇನೆ, ಕರೆಯದ ಮನೆಗೆ ಹೋಗುವ ಪದ್ಧತಿ ನಮ್ಮ ವಿಹಾರದಲ್ಲಿಲ್ಲ, ಎಂದು ಬರೆದಿದ್ದ. ಅಲ್ಲಿಗೆ ಎಲ್ಲ ಸರಿಯೇ. ಆದರೆ ಮೊದಲ ಸಾಲು 'ಉಪಾಸಿಕೆ ಕದಿರಮ್ಮನವರಿಗೆ' ಎಂದಿತ್ತು.

ಅಕ್ಕನನ್ನು ಯಾರೋ ಭಕ್ತೆಯೆಂಬಂತೆ ಕರೆದ ಆ ಒಂದು ಸಾಲೇ ಅವಳಿಗೆ ಅಡ್ಡವಾಗಿತ್ತು. ಉತ್ತರ ಬರೆಯಲು ಕೂತಾಗಲೆಲ್ಲ, 'ಲೇ ಗಂಗುಲೂ' ಎಂದರೆ ಕಾವಿ ಉಟ್ಟವನಿಗೆ ಅವಮರ್ಯಾದೆ ಅನ್ನಿಸುತ್ತಿತ್ತು. 'ಪೂಜ್ಯರೇ' ಎಂದರೆ ಯಾರೋ ಊರಿನ ಪೂಜ್ಯರು, ತನ್ನ ತಮ್ಮನಲ್ಲ. ಹಾಗೆ ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು. ಈ ವಾರ ಕಾಗದ ಹೋಗದಿದ್ದರೆ ಅವನು ಊರ ಮುಂದಿನ ರಸ್ತೆಯಲ್ಲೇ ಹಾದು ಹೋಗುತ್ತಿದ್ದ.

ಅಷ್ಟರಲ್ಲಿ ಸೊಸೆ ಶೋಭಾರಾಣಿ ಮೊದಲ ಶಿಫ್ಟ್ ಮುಗಿಸಿ ಫ್ಯಾಕ್ಟರಿಯಿಂದ ಬಂದಳು. ಅವಳ ತವರು ದೇವರಾಯಸಮುದ್ರವೇ. ಅಲ್ಲಿ ಮೂರ್ತಿ ಇಡಲು ಓಡಾಡುತ್ತಿರುವವರಲ್ಲಿ ಅವಳ ಅಪ್ಪ ಅಶ್ವತ್ಥಪ್ಪನೂ ಒಬ್ಬ.

"ಇದೇನತ್ತೆ, ಮದುವೆಗೆ ಹಿದುಕ್ತಾ ಇದೀರಾ?"

"ಐದು ಜನ ಸ್ವಾಮಿಗಳು ಬರ್ತಾರಂತಲ್ಲ. ನಿಮ್ಮ ಮಾವ ಓದಿದ್ರು."

ಶೋಭಾರಾಣಿ ಕರಪತ್ರ ನೋಡಿದಳು, ಮಾವನ ಮುಖ ನೋಡಿದಳು, ನಗು ತಡೆಯಲಾರದೆ ಹೊಸಿಲ ಮೇಲೆ ಕೂತುಬಿಟ್ಟಳು. "ಅಯ್ಯೋ ಮಾವ! ಶಾಕ್ಯಮುನಿ, ಸುಗತ, ತಥಾಗತ, ಮೂರೂ ಒಬ್ರೇ. ನಮ್ಮ ಬುದ್ಧರೇ. ದೀಪಂಕರ ಅಂದ್ರೆ ಬಹಳ ಬಹಳ ಹಿಂದೆ ಆಗಿಹೋದ ಬೇರೆ ಬುದ್ಧ. ಮೈತ್ರೇಯ ಇನ್ನು ಮುಂದೆ ಬರಬೇಕಾದೋರು."

"ಹಾಗಾದ್ರೆ ಬರೋರಿಗೆ ಸ್ವಲ್ಪ ಎತ್ತಿಡಿ," ಎಂದ ದೊಡ್ಡವೆಂಕಟಪ್ಪ, ಸೋತೆನೆಂದು ತೋರಿಸಿಕೊಳ್ಳದೆ.

"ನಕ್ಕೋ ಭಾಯ್, ಬೇಡ, ಅಷ್ಟೊತ್ತಿಗೆ ಹುಳ ಬೀಳುತ್ತೆ," ಎಂದಳು ಖುರ್ಷೀದ್ ಬೇಗಂ.

"ಒಬ್ಬ ಮನುಷ್ಯನಿಗೆ ಇಷ್ಟೊಂದು ಹೆಸರು ಯಾಕಮ್ಮಾ?" ಎಂದಳು ಕದಿರಮ್ಮ.

"ಬುದ್ಧ ಅನ್ನೋದೇ ಹೆಸರಲ್ಲ ಅತ್ತೆ. ಎಚ್ಚರ ಆದೋರು ಅಂತ, ಪದವಿ ಇದ್ದ ಹಾಗೆ. ಅದಕ್ಕೇ ಹಿಂದೆ ಇದ್ದೋರೂ ಬುದ್ಧ, ಮುಂದೆ ಬರೋರೂ ಬುದ್ಧ. ನಮ್ಮ ಬುದ್ಧರಿಗೆ ಮನೇಲಿ ಇಟ್ಟ ಹೆಸರು ಸಿದ್ಧಾರ್ಥ. ಗೋತ್ರ ಹಿಡಿದು ಹೊರಗಿನೋರು ಗೌತಮ ಅಂತಿದ್ರು. ಶಾಕ್ಯರ ಕುಲದ ಮುನಿ, ಅದಕ್ಕೆ ಶಾಕ್ಯಮುನಿ. ಶಿಷ್ಯರು ಭಗವಾನ್ ಅಂತಿದ್ರು, ಭಂತೆ, ಅಂದ್ರೆ ಪೂಜ್ಯರೇ, ಅಂತಿದ್ರು. ತಮ್ಮನ್ನ ತಾವು ಹೇಳ್ಕೋಬೇಕಾದ್ರೆ ತಥಾಗತ ಅಂತಿದ್ರಂತೆ. ಹಿಂದಿನ ಬುದ್ಧರು ಹೇಗೆ ಬಂದ್ರೋ ಹಾಗೇ ಬಂದೋನು ಅಂತ."

"ಹೆಸರು ಹಿಡಿದು ಕರೆದ್ರೆ?"

"ಹಳೇ ಜೊತೆಗಾರರು ಐದು ಜನ ಕರೆದ್ರಂತೆ, ಹೆಸರು ಹಿಡಿದು, ಗೆಳೆಯಾ ಅಂತ. ಇನ್ಮೇಲೆ ಹಾಗೆ ಕರೀಬೇಡಿ ಅಂದ್ರಂತೆ."

ಕದಿರಮ್ಮನ ಕೈ ನಿಂತುಹೋಯಿತು. "ನೋಡು, ಅದಕ್ಕೇ ಉಪಾಸಿಕೆ ಅಂತ ಬರೆದಿದಾನೆ. ಅವನಿಗೂ ಈಗ ಅಕ್ಕ ಗಿಕ್ಕ ಯಾರೂ ಇಲ್ಲ. ಬೇಡ ಬಿಡು. ಹೋಗ್ಲಿ ಅವನು ಅವನ ದಾರಿ ಹಿಡ್ಕೊಂಡು."

ಅವಳು ಮತ್ತೆ ನಾಲ್ಕು ಕಾಳು ಹಿದುಕಿದಳು. ಆಮೇಲೆ ತಲೆ ಎತ್ತಿದಳು. "ಆ ಬುದ್ಧರನ್ನ ಸಾಕಿದೋರು ಯಾರು? ತಾಯಿನಾ?"

"ಇಲ್ಲ ಅತ್ತೆ. ತಾಯಿ ಬಾಣಂತನದಲ್ಲೇ ತೀರಿಕೊಂಡ್ರು. ಚಿಕ್ಕಮ್ಮ ಎದೆಹಾಲು ಕೊಟ್ಟು ಸಾಕಿದ್ದು, ಗೌತಮಿ ಅಂತ. ಕೊನೆಗೆ ಆಯಮ್ಮನೂ ಭಿಕ್ಕುಣಿ ಆದ್ರು."

"ಆಯಮ್ಮ ಏನಂತ ಕರೀತಿದ್ರು?"

"ಸುಗತ ಅಂತಿದ್ರಂತೆ. ಒಳ್ಳೇ ಕಡೆಗೆ ನಡೆದೋನು ಅಂತ ಅರ್ಥ. ಹಾಗೆ ಕರೆದು, ಅದೇ ಉಸಿರಲ್ಲಿ ನಾನು ನಿನ್ನ ತಾಯಿ ಅಂತಾನೂ ಅಂದ್ರಂತೆ. ಅಪ್ಪ ಇದನ್ನ ಹೇಳೋವಾಗೆಲ್ಲ ಕಣ್ಣು ಒರೆಸ್ಕೊತಾರೆ."

"ಎರಡೂನಾ?"

"ಎರಡೂ."

ಖುರ್ಷೀದ್ ಬೇಗಂ ಮೊರ ಕೆಳಗಿಟ್ಟಳು. "ಇದರಲ್ಲಿ ಏನು ಕಷ್ಟ ಕದಿರಕ್ಕ? ನಮ್ಮೋರನ್ನ ಅಂಗಡೀಲಿ ಅಜ್ಮತ್ ಸಾಬ್ ಅಂತಾರೆ. ತಂಗಿ ಭಯ್ಯಾ ಅಂತಾಳೆ. ನಾನು ಮದುವೆ ಆದಾಗಿಂದ ಹೆಸರೆತ್ತಿಲ್ಲ, ಫಯಾಜ್ ಕೇ ಅಬ್ಬಾ, ಫಯಾಜ್‌ನ ಅಪ್ಪ, ಅಂತೀನಿ. ಕರೆದ ತಕ್ಷಣ ಯಾರು ಕರೆದ್ರು ಅಂತ ಗೊತ್ತಾಗುತ್ತೆ, ತಿರುಗಿ ನೋಡ್ತಾರೆ. ನಿನ್ನ ತಮ್ಮನಿಗೆ ಭಂತೆ ಅನ್ನೋರು ಊರೆಲ್ಲ ಸಿಗ್ತಾರೆ. ಅಕ್ಕ ಎಷ್ಟು ಜನ ಇದಾರೆ?"

ಕದಿರಮ್ಮ ಎದ್ದು ಕೈ ತೊಳೆದಳು. "ಶೋಭಾ, ನಿನ್ನ ಪೆನ್ನು ಕೊಡು."

ಗೋಡೆಗೆ ಒರಗಿ, ಮಣೆಯ ಮೇಲೆ ಕಾಗದವಿಟ್ಟು, ಒಂದೊಂದೇ ಅಕ್ಷರವನ್ನು ಗುಂಡಗೆ ಬರೆದಳು. ಮುಗಿಸಿ ತಾನೇ ಗಟ್ಟಿಯಾಗಿ ಓದಿದಳು:

"ಸುದಸ್ಸನ ಭಂತೆಯವರ ಪಾದಗಳಿಗೆ, ನಿಮ್ಮನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ಕದಿರಮ್ಮ ಮಾಡುವ ನಮಸ್ಕಾರಗಳು. ಹುಣ್ಣಿಮೆಯ ಮಾರನೆಯ ದಿನ ನಮ್ಮ ಮನೆಗೆ ಊಟಕ್ಕೆ ದಯಮಾಡಿಸಬೇಕು. ಮಧ್ಯಾಹ್ನದ ಮೇಲೆ ನೀವು ಉಣ್ಣುವುದಿಲ್ಲವೆಂದು ಗೊತ್ತು, ಹನ್ನೊಂದಕ್ಕೇ ಬಡಿಸುತ್ತೇನೆ. ಹಿದುಕಬೇಳೆ ಸಾರು, ಮುದ್ದೆ. ಬರದೆ ಹೋದರೆ, ಗಂಗುಲೂ, ಕಿವಿ ಹಿಂಡುತ್ತೇನೆ."

"ಅತ್ತೆ! ಭಂತೆಯವರ ಕಿವಿ ಹಿಂಡೋ ಹಾಗಿಲ್ಲ. ಹೆಂಗಸರು ಅವರನ್ನ ಮುಟ್ಟೋ ಹಾಗೇ ಇಲ್ಲ."

"ನಿಮ್ಮ ಮಾವ ಹಿಂಡ್ತಾರೆ ಬಿಡು," ಎಂದಳು ಕದಿರಮ್ಮ, ಒಂದಕ್ಷರವನ್ನೂ ಹೊಡೆದುಹಾಕದೆ.

ದೊಡ್ಡವೆಂಕಟಪ್ಪ ಆಗಲೇ ಟಿವಿಎಸ್ ಹೊರಗೆ ತಂದು ಕಿಕ್ ಹೊಡೆಯುತ್ತಿದ್ದ. "ಕೊಡು ಇಲ್ಲಿ, ನಾನು ಹಾಕಿ ಬರ್ತೀನಿ."

"ಐದು ಸ್ವಾಮಿಗಳನ್ನ ಓದಿದೋರ ಕೈಗೆ ಕೊಡ್ಲಾ?" ಎಂದು ಅವಳು ಹಿಂದಿನ ಸೀಟು ಹತ್ತಿ ಕೂತಳು.

ಪೋಸ್ಟಾಫೀಸಿನಲ್ಲಿ ಪೋಸ್ಟ್‌ಮನ್ ಸೊಣ್ಣಪ್ಪ ಚೀಲದ ಬಾಯಿ ಕಟ್ಟುತ್ತಿದ್ದ. ಕದಿರಮ್ಮ ಲಕೋಟೆ ಹಿಡಿದು ಕಿಟಕಿಯೊಳಗೆ ಕೈ ಚಾಚಿದಳು. ಅವನು ಕಟ್ಟಿದ ದಾರವನ್ನು ಗೊಣಗುತ್ತ ಬಿಚ್ಚಿ, ಲಕೋಟೆಗೆ ಠಸ್ಸೆಯೊತ್ತಿ ಒಳಗೆ ಹಾಕಿ ಮತ್ತೆ ಬಿಗಿದ. ಚೀಲ ವ್ಯಾನಿಗೇರಿ ಕೋಲಾರದ ರಸ್ತೆ ಹಿಡಿಯುವವರೆಗೂ ಅವಳು ಮೆಟ್ಟಿಲ ಮೇಲೆಯೇ ನಿಂತಿದ್ದಳು.